ಪೊರೆ ಇರುವುದು ಎಲ್ಲಿ?

ಮಕ್ಕಳೇ, ಈ ವಾರದ ಪಾಠಕ್ಕೆ ಪುಸ್ತಕ ಬೇಡ. ಅಜ್ಜಿಯನ್ನೋ ತಾತನನ್ನೋ ಕರೆದು ಕಿಟಕಿಯ ಪಕ್ಕ ಎದುರುಬದುರು ಕೂತುಕೊಳ್ಳಿ. ಅಜ್ಜಿಯ ಕಣ್ಣೇ ನಿಮಗೆ ಪುಸ್ತಕ, ನಿಮ್ಮ ಕಣ್ಣು ಅಜ್ಜಿಗೆ. ಒಬ್ಬರು ಓದಿ ಹೇಳಿ, ಇನ್ನೊಬ್ಬರು ನೋಡಿ.

ಈ ಪಾಠ ಯಾಕೆ ಬೇಕಾಯಿತು ಅಂದರೆ, ನಮ್ಮ ಬೀದಿಯ ಹಿರಿಯ ತಾಯಿಯೊಬ್ಬರು ಕಣ್ಣಿಗೆ ಪೊರೆ ಬಂತೆಂದು ಎರಡು ವರ್ಷ ಜೇನುತುಪ್ಪದ ಹನಿ ಬಿಟ್ಟುಕೊಂಡರು. ಯಾರೋ ಈರುಳ್ಳಿ ರಸ ಒಳ್ಳೆಯದು ಅಂದರು, ಅದನ್ನೂ ಬಿಟ್ಟುಕೊಂಡರು. ಕಣ್ಣು ಉರಿಯಿತು, ನೀರು ಸುರಿಯಿತು, ಪೊರೆ ಇದ್ದಲ್ಲೇ ಇತ್ತು. ಕೊನೆಗೊಂದು ಸಂಜೆ ಮೆಟ್ಟಿಲು ಕಾಣದೆ ಬಿದ್ದು ಕೈ ಮುರಿದುಕೊಂಡರು. ನೋಡಲು ಹೋದಾಗ ನಾನು ಕೇಳಿದೆ, "ಅಮ್ಮಾ, ಪೊರೆ ಎಲ್ಲಿದೆ ಅಂದುಕೊಂಡಿದ್ದೀರಿ?" ಅವರು ಕಣ್ಣಿನ ಮೇಲೆ ಬೆರಳಿಟ್ಟು ತೋರಿಸಿದರು. "ಇಲ್ಲೇ ಮೇಷ್ಟ್ರೇ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ."

ಅವರು ಹಾಗೆ ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ಹಾವು ಬಿಡುವುದೂ ಪೊರೆ, ಕಣ್ಣಿಗೆ ಬರುವುದೂ ಪೊರೆ. ಪೊರೆ ಎಂದಕೂಡಲೇ ಮೇಲೆ ಹೊದ್ದ ತೆಳು ಹಾಳೆಯೊಂದು ಮನಸ್ಸಿಗೆ ಬರುತ್ತದೆ. ಹಾಗಿದ್ದರೆ ಅದು ನಿಜವಾಗಿ ಎಲ್ಲಿದೆ? ಹೊರಗಿನಿಂದ ಒಳಗೆ ಒಂದೊಂದೇ ಬಾಗಿಲು ದಾಟಿ ಹೋಗಿ ನೋಡೋಣ.

ಮೊದಲ ಬಾಗಿಲು ಕಾರ್ನಿಯಾ. ಅಜ್ಜಿಯ ಕಣ್ಣನ್ನು ಪಕ್ಕದಿಂದ ನೋಡಿ. ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಸ್ವಲ್ಪ ಉಬ್ಬಿದ, ಬಣ್ಣವೇ ಇಲ್ಲದ ಒಂದು ಕಿಟಕಿ ಕಾಣುತ್ತದೆ. ಅದರ ದಪ್ಪ ನಡುವೆ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ಒಂದೇ ಒಂದು ರಕ್ತನಾಳವಿಲ್ಲ. ರಕ್ತ ಹರಿದರೆ ಕಿಟಕಿ ತಿಳಿಯಾಗಿ ಉಳಿಯುವುದಿಲ್ಲವಲ್ಲ! ಅದಕ್ಕೆ ಬೇಕಾದ ಆಮ್ಲಜನಕ ಬಹುಪಾಲು ಕಣ್ಣೀರಿನ ಮೂಲಕ ಗಾಳಿಯಿಂದಲೇ ಬರುತ್ತದೆ. ವಯಸ್ಸಾದವರಲ್ಲಿ ಈ ಕಿಟಕಿಯ ಅಂಚಿಗೆ ಬೂದು ಬಣ್ಣದ ಉಂಗುರ ಕಾಣಬಹುದು. ಅದು ಪೊರೆಯಲ್ಲ, ನೋಟಕ್ಕೆ ಅಡ್ಡಿಯೂ ಅಲ್ಲ.

ಕಿಟಕಿಯ ಹಿಂದೆ ತಿಳಿನೀರಿನ ಒಂದು ಪುಟ್ಟ ಕೋಣೆ. ಅದರಾಚೆ ಬಣ್ಣದ ಪರದೆ, ನಮ್ಮಲ್ಲಿ ಹೆಚ್ಚಾಗಿ ಕಂದು. ಪರದೆಯ ನಡುವಿನ ಕಪ್ಪು ಚುಕ್ಕೆಯೇ ಪಾಪೆ. ಹತ್ತಿರದಿಂದ ನೋಡಿದರೆ ಅಜ್ಜಿಯ ಪಾಪೆಯಲ್ಲಿ ಪುಟ್ಟ ಪಾಪುವೊಂದು ಕಾಣುತ್ತದೆ. ಅದು ನೀವೇ! ಪಾಪೆ ಎಂಬುದು ವಸ್ತುವಲ್ಲ, ಬರೀ ತೂತು. ಅಜ್ಜಿ ಎರಡೂ ಕಣ್ಣುಗಳನ್ನು ಅಂಗೈಯಿಂದ ಮುಚ್ಚಿಕೊಂಡು ಇಪ್ಪತ್ತು ಎಣಿಸಲಿ. ಕೈ ತೆಗೆದ ಕೂಡಲೇ ನೋಡಿ, ಕಿಟಕಿಯ ಬೆಳಕಿಗೆ ತೂತು ಕುಗ್ಗುತ್ತದೆ. ಈಗ ನಿಮ್ಮ ಸರದಿ. ವಯಸ್ಸಾದಂತೆ ಪಾಪೆ ಚಿಕ್ಕದಾಗುವುದರಿಂದ ನಿಮ್ಮದು ಅಜ್ಜಿಯದಕ್ಕಿಂತ ದೊಡ್ಡದಾಗಿ ಹಿಗ್ಗಿರುತ್ತದೆ. ಅಜ್ಜಿಗೆ ಸಂಜೆ ದೀಪ ಸಾಲದು ಅನ್ನಿಸುವುದಕ್ಕೆ ಇದೂ ಒಂದು ಕಾರಣ.

ಈ ತೂತಿನ ಹಿಂದೆ ಇರುವುದೇ ಮಸೂರ. ಹೆಸರೇ ಆಕಾರವನ್ನು ಹೇಳುತ್ತದೆ. ಮಸೂರ ಅಂದರೆ ಚನ್ನಂಗಿ ಕಾಳು. ಅದರಂತೆಯೇ ಎರಡೂ ಕಡೆ ಉಬ್ಬಿರುವ ಇದರ ಅಗಲ ಸುಮಾರು 9 ಮಿಲಿಮೀಟರ್, ದಪ್ಪ ಸುಮಾರು 4. ಗಾಜಿನಷ್ಟು ತಿಳಿ. ತೆಳುವಾದ ಚೀಲವೊಂದರಲ್ಲಿ ಕುಳಿತು, ಸಣ್ಣ ಸಣ್ಣ ಎಳೆಗಳಿಂದ ನೇತಾಡುತ್ತಿರುತ್ತದೆ.

ಪೊರೆ ಬರುವುದು ಇಲ್ಲಿ! ಮಸೂರದ ಮೇಲೆ ಏನೋ ಬಂದು ಕೂರುವುದಿಲ್ಲ, ಮಸೂರವೇ ಮಂಜಾಗುತ್ತದೆ. ಎರಡು ಬಾಗಿಲುಗಳ ಒಳಗೆ ಕುಳಿತಿರುವ ಅದನ್ನು ಹೊರಗಿನಿಂದ ಬಿಟ್ಟ ಜೇನು ತೊಳೆಯಲಾರದು. ಬದಲಿಗೆ ಕಾರ್ನಿಯಾಕ್ಕೆ ಸೋಂಕು ತಗಲಿ ಹುಣ್ಣಾದರೆ ಅಲ್ಲಿ ಬಿಳಿ ಕಲೆ ಉಳಿದು, ಇದ್ದ ನೋಟವೂ ಹೋಗಬಹುದು.

ಮಸೂರ ಮಂಜಾಗುವುದು ಯಾಕೆ? ಒಂದು ಈರುಳ್ಳಿಯನ್ನು ಅಡ್ಡಕ್ಕೆ ಕೊಯ್ದು ನೋಡಿ. ಮಸೂರವೂ ಹಾಗೆಯೇ, ಪದರದ ಮೇಲೆ ಪದರ. ಜೀವನಪೂರ್ತಿ ಹೊರಗಡೆ ಹೊಸ ಪದರ ಬೆಳೆಯುತ್ತಲೇ ಇರುತ್ತದೆ, ಹಳೆಯವು ಒಳಕ್ಕೆ ಒತ್ತಿಕೊಳ್ಳುತ್ತವೆ. ನಮ್ಮ ಚರ್ಮ ಹಳೆಯದನ್ನು ಉದುರಿಸುತ್ತದೆ, ಹಾವು ಪೊರೆ ಕಳಚುತ್ತದೆ, ಮಸೂರ ಮಾತ್ರ ಏನನ್ನೂ ಕಳಚುವುದಿಲ್ಲ. ಅಜ್ಜಿಯ ಮಸೂರದ ನಟ್ಟನಡುವಿನ ತಿರುಳು ಅವರು ತಮ್ಮ ತಾಯಿಯ ಹೊಟ್ಟೆಯಲ್ಲಿದ್ದಾಗ ಆದದ್ದು. ಅಷ್ಟು ವರ್ಷ ಬಿಸಿಲು ಬೆಳಕು ಕಂಡ ಆ ಪ್ರೋಟೀನುಗಳು ಕ್ರಮೇಣ ಹಳದಿಯಾಗಿ, ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕಣ್ಣಿಗೆ ಬಿದ್ದ ಏಟು, ವೈದ್ಯರ ಸಲಹೆಯಿಲ್ಲದೆ ಬಹುಕಾಲ ಹಾಕಿದ ಸ್ಟೀರಾಯ್ಡ್ ಹನಿ, ಇವು ಪೊರೆಯನ್ನು ಬೇಗ ತರುತ್ತವೆ.

ಮಂಜಾಗುವ ಮೊದಲೇ ಮಸೂರ ಗಡುಸಾಗುತ್ತದೆ. ಮಕ್ಕಳೇ, ನಿಮ್ಮ ಬೆರಳನ್ನು ಮೂಗಿನ ಹತ್ತಿರ ತನ್ನಿ. ಅಷ್ಟು ಹತ್ತಿರದಲ್ಲೂ ಬೆರಳ ಗೆರೆಗಳು ಕಾಣುತ್ತವೆ. ಮಸೂರದ ಸುತ್ತಲಿನ ಸ್ನಾಯು ಬಿಗಿಯಾದಾಗ ಎಳೆಗಳು ಸಡಿಲವಾಗಿ, ನಿಮ್ಮ ಮೆತ್ತನೆಯ ಮಸೂರ ಉಬ್ಬಿಕೊಳ್ಳುತ್ತದೆ. ಅಜ್ಜಿಯದು ಉಬ್ಬದು, ಅವರು ಕೈಯನ್ನು ದೂರ ಚಾಚಬೇಕು. ನಲವತ್ತು ದಾಟಿದವರು ಸೂಜಿಗೆ ದಾರ ಪೋಣಿಸಲು ನಿಮ್ಮನ್ನು ಕರೆಯುವುದು ಇದಕ್ಕೇ. ಅದಕ್ಕೆ ಹಾಕುವ ಕನ್ನಡಕಕ್ಕೆ ಚಾಳೀಸು ಎಂಬ ಹೆಸರು ಬಂದದ್ದೂ ನಲವತ್ತರಿಂದಲೇ.

ಈಗ ಒಂದು ಪ್ರಯೋಗ. ಗಾಜಿನ ಲೋಟದಲ್ಲಿ ನೀರು ತುಂಬಿ, ಅದರ ಹಿಂದೆ ಈ ಪತ್ರಿಕೆಯನ್ನು ಹಿಡಿಯಿರಿ. ಅಕ್ಷರ ದೊಡ್ಡದಾಗಿ ಕಾಣುತ್ತದೆ. ನೀರಿಗೆ ನಾಲ್ಕು ಹನಿ ಹಾಲು ಹಾಕಿ ಕಲಕಿ. ಅಕ್ಷರ ಮಸುಕಾಯಿತು. ಕನ್ನಡಕ ಹಾಕಿ ನೋಡಿದರೂ ಆ ಮಸುಕು ಹೋಗದು. ಕತ್ತಲಲ್ಲಿ ಲೋಟದ ಹಿಂದೆ ಟಾರ್ಚ್ ಹಚ್ಚಿ. ಬೆಳಕು ಚೆದುರಿ ಲೋಟವೆಲ್ಲ ಬೆಳ್ಳಗೆ ಹೊಳೆಯುತ್ತದೆ. ರಾತ್ರಿ ಎದುರು ಬಂದ ಗಾಡಿಯ ದೀಪಕ್ಕೆ ತಾತ ಕಣ್ಣು ಮುಚ್ಚಿಕೊಂಡು ನಿಲ್ಲುವುದು ಯಾಕೆಂದು ಈಗ ತಿಳಿಯಿತೇ?

ಹಾಲು ಬೆರೆತ ನೀರನ್ನು ಮತ್ತೆ ತಿಳಿ ಮಾಡಲಾಗದು, ಚೆಲ್ಲಿ ಹೊಸ ನೀರು ತುಂಬಬೇಕು. ವೈದ್ಯರು ಮಾಡುವುದೂ ಇದನ್ನೇ. ಎರಡು ಮೂರು ಮಿಲಿಮೀಟರಿನ ಸಣ್ಣ ಕೊಯ್ತದ ಮೂಲಕ ಮಂಜಾದ ಮಸೂರವನ್ನು ಪುಡಿಮಾಡಿ ಹೀರಿ ತೆಗೆದು, ಅದೇ ಚೀಲದಲ್ಲಿ ಮಡಚಿದ ಕೃತಕ ಮಸೂರವನ್ನು ಇಡುತ್ತಾರೆ. ಅದು ಒಳಗೆ ಹೋಗಿ ಬಿಡಿಸಿಕೊಳ್ಳುತ್ತದೆ.

ಈ ಕೃತಕ ಮಸೂರದ ಹಿಂದೆ ಯುದ್ಧದ ಕಥೆಯೊಂದಿದೆ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಮುಚ್ಚಳ ಒಡೆದು ಕೆಲವು ಪೈಲಟ್‌ಗಳ ಕಣ್ಣಿಗೆ ಪ್ಲಾಸ್ಟಿಕ್ ಚೂರುಗಳು ಹೊಕ್ಕಿದ್ದವು. ಚೂರು ಒಳಗೇ ಉಳಿದರೂ ಕಣ್ಣು ಕೆರಳದೆ ಇದ್ದದ್ದನ್ನು ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಗಮನಿಸಿದರು. ಅದೇ ಬಗೆಯ ಪ್ಲಾಸ್ಟಿಕ್‌ನಿಂದ ಮಸೂರ ಮಾಡಿಸಿ, 1949ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ರೋಗಿಯ ಕಣ್ಣಿಗೆ ಇಟ್ಟರು.

ಆ ಮಸೂರ ನಮ್ಮ ಹಳ್ಳಿಗಳಿಗೆ ತಲುಪಲು ದಶಕಗಳೇ ಬೇಕಾದವು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ ನಡೆಸಿದ ಕಣ್ಣಿನ ಶಿಬಿರಗಳನ್ನು ತಾತಂದಿರು ನೆನಪು ಮಾಡಿಕೊಳ್ಳಬಹುದು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪಡೆದವರು ಅವರು. ಒಂದೇ ದಿನ ನೂರಾರು ಜನರ ಪೊರೆ ತೆಗೆದು ಹೆಸರಾದರು. ಆಗ ಮಸೂರ ತೆಗೆದರೆ ಆ ಜಾಗ ಖಾಲಿಯೇ ಉಳಿಯುತ್ತಿತ್ತು, ಅದಕ್ಕೇ ಆ ದಪ್ಪ ಸೋಡಾಬುಡ್ಡಿ ಕನ್ನಡಕ. ಪೂರ್ತಿ ಕಾಣದಂತಾದ ಮೇಲೆ ತೆಗೆಸಿದರೆ ಲಾಭ ಹೆಚ್ಚು ಎಂದು "ಪೊರೆ ಚೆನ್ನಾಗಿ ಬಲಿಯಲಿ" ಎನ್ನುತ್ತಿದ್ದರು. ಆ ಕಾಲಕ್ಕೆ ಅದು ಸರಿ. ಈಗ ಬಲಿಯುವವರೆಗೆ ಕಾಯಬೇಕಿಲ್ಲ. ಬಲಿತಷ್ಟೂ ಮಸೂರ ಗಟ್ಟಿಯಾಗಿ ಕೆಲಸ ಕಷ್ಟ, ತೀರಾ ಬಿಟ್ಟರೆ ಕಣ್ಣಿನ ಒತ್ತಡ ಏರಿ ನೋವೂ ಬರಬಹುದು.

ನಮ್ಮ ಬೀದಿಯ ಆ ತಾಯಿ ಕೈ ಕೂಡಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಮರುದಿನ ಪಟ್ಟಿ ಬಿಚ್ಚಿ ಮನೆಗೆ ಬಂದವರು ಸೊಸೆಯನ್ನು ಕೇಳಿದ್ದು, "ಗೋಡೆಗೆ ನೀಲಿ ಬಣ್ಣ ಯಾವಾಗ ಹೊಡೆಸಿದಿರಿ?" ಗೋಡೆ ಮೊದಲಿಂದಲೂ ನೀಲಿಯೇ. ಹಳದಿಗಟ್ಟಿದ ಮಸೂರ ಆ ನೀಲಿಯನ್ನು ಒಳಗೆ ಬಿಟ್ಟಿರಲಿಲ್ಲ.

ಎಲ್ಲ ಮಸುಕೂ ಪೊರೆಯಲ್ಲ ಎಂಬುದು ನೆನಪಿರಲಿ. ಮಸೂರ ದಾಟಿದ ಬೆಳಕು ಹಿಂಗೋಡೆಯ ಅಕ್ಷಿಪಟಲಕ್ಕೆ ಬಿದ್ದು, ಅಲ್ಲಿಂದ ನರದ ಮೂಲಕ ಮಿದುಳಿಗೆ ಹೋಗುತ್ತದೆ. ಸಕ್ಕರೆ ಕಾಯಿಲೆ ಅಕ್ಷಿಪಟಲವನ್ನು, ಗ್ಲಾಕೋಮಾ ಆ ನರವನ್ನು ಸದ್ದಿಲ್ಲದೆ ಕೆಡಿಸುತ್ತವೆ. ಹೀಗೆ ಹೋದ ನೋಟವನ್ನು ಮಸೂರ ಬದಲಿಸಿ ಮರಳಿ ತರಲಾಗದು. ಆದ್ದರಿಂದ ಹಿರಿಯರು ವರ್ಷಕ್ಕೊಮ್ಮೆ ಕಣ್ಣು ತೋರಿಸಲೇಬೇಕು.

ಅಜ್ಜಿ-ತಾತಂದಿರೇ, ನಿಮಗೂ ಒಂದು ಕೆಲಸವಿದೆ. ಪೊರೆ ಹಸುಗೂಸಿಗೂ ಬರಬಹುದು. ಮಗುವಿನ ಪಾಪೆ ಬೆಳ್ಳಗೆ ಕಂಡರೆ, ಅಥವಾ ಫೋಟೊಗಳಲ್ಲಿ ಒಂದೇ ಕಣ್ಣು ಬಿಳಿಯಾಗಿ ಹೊಳೆದರೆ, ದೃಷ್ಟಿ ತೆಗೆದು ಸುಮ್ಮನಾಗಬೇಡಿ. ಅದು ಪೊರೆಯೂ ಇರಬಹುದು, ಕಣ್ಣಿನೊಳಗಿನ ಗೆಡ್ಡೆಯೂ ಇರಬಹುದು. ಆ ವಾರವೇ ಕಣ್ಣಿನ ವೈದ್ಯರಿಗೆ ತೋರಿಸಿ. ಎಳೆಯ ಮಿದುಳು ನೋಡಲು ಕಲಿಯುವ ಕಾಲ ಕಳೆದರೆ ಮತ್ತೆ ಬಾರದು.

ಕೊನೆಗೆ ಎಲ್ಲರಿಗೂ ಮನೆಗೆಲಸ. ಗೋಡೆಯ ಕ್ಯಾಲೆಂಡರಿನಿಂದ ಹತ್ತು ಹೆಜ್ಜೆ ಹಿಂದೆ ನಿಲ್ಲಿ. ಕನ್ನಡಕವಿದ್ದರೆ ಹಾಕಿಕೊಳ್ಳಿ. ಒಂದು ಕಣ್ಣು ಮುಚ್ಚಿ ತಾರೀಖು ಓದಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ. ಒಂದು ಕಣ್ಣು ಮಂದವಾದರೆ ಇನ್ನೊಂದು ಅದರ ಕೆಲಸವನ್ನೂ ಮಾಡಿಬಿಡುವುದರಿಂದ ನಮಗೆ ತಿಳಿಯುವುದೇ ಇಲ್ಲ. ಎರಡರಲ್ಲಿ ವ್ಯತ್ಯಾಸ ಕಂಡರೆ ಅದೇ ಕ್ಯಾಲೆಂಡರಿನಲ್ಲಿ ಕಣ್ಣಿನ ಆಸ್ಪತ್ರೆಗೆ ಹೋಗುವ ದಿನಕ್ಕೆ ಗುಂಡು ಸುತ್ತಿ. ಅಜ್ಜಿ "ಮುಂದಿನ ತಿಂಗಳು ನೋಡೋಣ" ಅಂದರೆ ಕೇಳಬೇಡಿ, ನೀವೇ ಕೈಹಿಡಿದು ಕರೆದುಕೊಂಡು ಹೋಗಿ.