ಬರ್ತ್ ಮೊರಿಸೊ ಚಿತ್ರ ಅರ್ಧಂಬರ್ಧವಂತೆ!

ಮೊನ್ನೆ ಗೆಳೆಯರೊಬ್ಬರ ಮನೆಯಲ್ಲಿ ಇಂಪ್ರೆಷನಿಸ್ಟ್ ಚಿತ್ರಗಳ ದೊಡ್ಡ ಪುಸ್ತಕವೊಂದನ್ನು ತಿರುವಿ ಹಾಕುತ್ತಿದ್ದೆವು. ಬರ್ತ್ ಮೊರಿಸೊ 1885ರಲ್ಲಿ ತೈಲವರ್ಣದಲ್ಲಿ ಬರೆದುಕೊಂಡ ತನ್ನದೇ ಭಾವಚಿತ್ರ ಬಂತು. ಗೆಳೆಯರು ಒಂದು ಸಲ ನೋಡಿ, "ಪಾಪ, ಮುಗಿಸೋಕೇ ಆಗಿಲ್ಲ ನೋಡಿ. ಮ್ಯಾನೆಗೆ ಮಾಡೆಲ್ ಆಗಿದ್ದೋಳಲ್ವಾ ಈಕೆ?" ಅಂದು ಪುಟ ತಿರುಗಿಸಿಬಿಟ್ಟರು. ಕಾಫಿ ಕೊಟ್ಟವರ ಜೊತೆ ಜಗಳ ಯಾಕೆ ಅಂತ ಸುಮ್ಮನಿದ್ದೆ. ಮನೆಗೆ ಬಂದ ಮೇಲೆ ತಡೆಯಲಾಗಲಿಲ್ಲ...

ಅಲ್ಲಾ ಸ್ವಾಮಿ, 'ಮುಗಿಸಿಲ್ಲ' ಅಂದರೇನು? ಬೀಸಾಗಿ ಎಳೆದ ಗೆರೆಗಳು, ಅಲ್ಲಲ್ಲಿ ಬಣ್ಣ ಹತ್ತದ ಕ್ಯಾನ್ವಾಸು, ಗೀಚಿದಂತಿರುವ ಪ್ಯಾಲೆಟ್ಟು... ಹೌದು, ಒಪ್ಪಿದೆ. ಆದರೆ ಮುಖ ನೋಡಿ. ನಲವತ್ತನಾಲ್ಕರ ಹೆಂಗಸು ಕೂದಲು ಹಿಂದಕ್ಕೆ ಕಟ್ಟಿ ನಮ್ಮನ್ನೇ ನೋಡುತ್ತಾಳೆ. ಚೆಂದ ಕಾಣಬೇಕೆಂಬ ಹಂಬಲ ಒಂದಿಷ್ಟೂ ಇಲ್ಲ.

ಇದೇ ಆರೋಪ 1874ರಲ್ಲಿ ಮೊನೆಯ 'ಇಂಪ್ರೆಷನ್, ಸೂರ್ಯೋದಯ'ದ ಮೇಲೂ ಬಂದಿತ್ತು. ಇದಕ್ಕಿಂತ ಗೋಡೆಗೆ ಅಂಟಿಸುವ ಕಾಗದದ ಕರಡೇ ವಾಸಿ ಎಂಬರ್ಥದಲ್ಲಿ ವಿಮರ್ಶಕ ಲೂಯಿ ಲೆರ್ವಾ ಗೇಲಿ ಮಾಡಿದ್ದ. ಇವತ್ತು ಅದೇ ಚಿತ್ರಕ್ಕೆ ಕೈಮುಗಿಯುತ್ತೇವೆ. ತಮಾಷೆಯೆಂದರೆ ಎರಡೂ ಚಿತ್ರ ಇರುವುದು ಪ್ಯಾರಿಸ್ಸಿನ ಮಾರ್ಮೊತಾನ್ ಮ್ಯೂಸಿಯಮ್ಮಿನಲ್ಲೇ. ಅವನು ಮಾಡಿದರೆ ಶೈಲಿ, ಅವಳು ಮಾಡಿದರೆ ಕೈಲಾಗದ್ದು! ಇದ್ಯಾವ ನ್ಯಾಯ?

ಇನ್ನು ಮಾಡೆಲ್ ಮಾತು. ಎದ್ವಾರ್ ಮ್ಯಾನೆ ಆಕೆಯನ್ನು ಹತ್ತಾರು ಸಲ ಬರೆದ, ನಿಜ. ಕೈಗೆ ಬೀಸಣಿಗೆ ಕೊಟ್ಟ, ಎದೆಗೆ ವಯಲೆಟ್ ಹೂ ಸಿಕ್ಕಿಸಿದ. ಒಮ್ಮೆಯೂ ಕುಂಚ ಮಾತ್ರ ಕೊಡಲಿಲ್ಲ. 1883ರಲ್ಲಿ ಅವನು ತೀರಿಕೊಂಡ. ಎರಡು ವರ್ಷದ ಮೇಲೆ ಈ ಚಿತ್ರದಲ್ಲಿ ಆಕೆ ಕುಂಚ, ಪ್ಯಾಲೆಟ್ಟು ತಾನೇ ಹಿಡಿದು ನಿಂತಳು. 'ನಾನು ಚಿತ್ರ ಬರೆಯುವವಳು' ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳುವುದು?

ಲೆಕ್ಕ ಬೇಕೇ? 1874ರಿಂದ 1886ರವರೆಗೆ ಇಂಪ್ರೆಷನಿಸ್ಟರ ಪ್ರದರ್ಶನ ನಡೆದದ್ದು ಎಂಟು. ಮೊನೆ ಐದರಲ್ಲಿದ್ದ, ರೆನ್ವಾ ನಾಲ್ಕರಲ್ಲಿ. ಮೊರಿಸೊ ಏಳರಲ್ಲಿ! ತಪ್ಪಿದ್ದು 1879ರದ್ದು ಒಂದೇ, ಅದೂ ಮಗಳು ಹುಟ್ಟಿದ ಮರುವರ್ಷ.

ಇಷ್ಟಾದರೂ 1895ರಲ್ಲಿ ಆಕೆ ತೀರಿಕೊಂಡಾಗ ಮರಣಪತ್ರದಲ್ಲಿ ಬರೆದದ್ದು 'ಉದ್ಯೋಗ ಇಲ್ಲ' ಅಂತ. ಬರೆದ ಗುಮಾಸ್ತ ಪಾಪ, ಈ ಚಿತ್ರ ನೋಡಿರಲಿಕ್ಕಿಲ್ಲ. ನೋಡಿದ ಮೇಲೂ ಅದನ್ನೇ ಹೇಳುವವರಿಗೆ ಏನನ್ನೋಣ?

ಗೆಳೆಯರೇ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ಮುಂದಿನ ಸಲ ಬಂದಾಗ ಆ ಪುಟ ಮತ್ತೆ ತೆಗೆಯೋಣ. ಈ ಸಲ ನಾನು ಸುಮ್ಮನಿರೋದಿಲ್ಲ. ಕಾಫಿ ಮಾತ್ರ ಇರಲಿ :)