ಪಾಠ ಹೇಳುವವರ ಕೈಗೆ ಪ್ರಯೋಗಶಾಲೆ ಕೊಡಿ
ಕರ್ನಾಟಕದ ವಿಶ್ವವಿದ್ಯಾಲಯಗಳ ವಿಜ್ಞಾನ ಸಂಶೋಧನೆಯ ಪರವಾಗಿ ಒಂದು ಬಹಿರಂಗ ಮನವಿ



ಬೆಂಗಳೂರಿನ ಮೆಟ್ರೋದಲ್ಲಿ ಓಡಾಡುವವರು ಸೆಂಟ್ರಲ್ ಕಾಲೇಜು ಎಂಬ ಹೆಸರನ್ನು ನಿಲ್ದಾಣದ ಫಲಕದಲ್ಲಿ ದಿನವೂ ಓದುತ್ತಾರೆ. ಆ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ 1935ರಲ್ಲಿ ನಡೆದ ಕೆಲಸವೊಂದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಬಿ. ವೆಂಕಟೇಶಾಚಾರ್ ಮತ್ತು ಎಲ್. ಸೀಬಯ್ಯ ಎಂಬ ಇಬ್ಬರು ಅಧ್ಯಾಪಕರು ಇರಿಡಿಯಂ ಲೋಹ ಹೊರಸೂಸುವ ಬೆಳಕನ್ನು ಬಿಡಿಸಿ ನೋಡುತ್ತಿದ್ದರು. ಸಾಧಾರಣ ಉಪಕರಣದಲ್ಲಿ ಒಂದೇ ಗೆರೆಯಾಗಿ ಕಾಣುವ ಬೆಳಕು ಸೂಕ್ಷ್ಮ ಉಪಕರಣದಲ್ಲಿ ಒತ್ತೊತ್ತಾಗಿ ನಿಂತ ಹಲವು ಗೆರೆಗಳಾಗಿ ಒಡೆಯುತ್ತದೆ. ಅಂಥ ಗೆರೆಗಳನ್ನು ಅಳೆದು ಲೆಕ್ಕ ಹಾಕಿದ ಅವರು ಇರಿಡಿಯಂ ಪರಮಾಣುಗಳಲ್ಲಿ ಎರಡು ಬಗೆ ಇವೆ, ಒಂದರ ದ್ರವ್ಯರಾಶಿ ಸಂಖ್ಯೆ 191, ಇನ್ನೊಂದರದು 193 ಎಂದು ಪ್ರಕಟಿಸಿದರು. ಇರಿಡಿಯಂನ ಈ ಎರಡು ಐಸೊಟೋಪುಗಳನ್ನು ಮೊದಲು ಗುರುತಿಸಿದ ಜಾಗ ಯಾವುದೆಂದು ಕೇಳಿದರೆ ಪರಮಾಣು ವಿಜ್ಞಾನದ ಚರಿತ್ರೆ ಇಂದಿಗೂ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನೇ ತೋರಿಸುತ್ತದೆ.

ಆ ಕೆಲಸದಿಂದ ಯಾರಿಗೆ ಏನು ಉಪಯೋಗ ಎಂದು ಆಗ ಯಾರಾದರೂ ಕೇಳಿದ್ದರೆ ಆ ಇಬ್ಬರೂ ಹೇಳಬಹುದಾಗಿದ್ದ ಉತ್ತರ ಬಹಳ ಇರಲಿಲ್ಲ. 1958ರಲ್ಲಿ ಜರ್ಮನಿಯ ರುಡಾಲ್ಫ್ ಮಾಸ್‌ಬೌವರ್ ಎಂಬ ತರುಣ ಇದೇ ಇರಿಡಿಯಂ-191ರ ಬೀಜಕೇಂದ್ರದಲ್ಲಿ ಗಾಮಾ ಕಿರಣಗಳ ಹೊಸ ವರ್ತನೆಯೊಂದನ್ನು ಕಂಡುಹಿಡಿದ. ಅದಕ್ಕಾಗಿ 1961ರಲ್ಲಿ ನೊಬೆಲ್ ಪಡೆದ. ಇರಿಡಿಯಂ-191ಕ್ಕೆ ರಿಯಾಕ್ಟರಿನಲ್ಲಿ ನ್ಯೂಟ್ರಾನ್ ಹೊಡೆಸಿದರೆ ವಿಕಿರಣ ಸೂಸುವ ಇರಿಡಿಯಂ-192 ಸಿಗುತ್ತದೆ. ಗರ್ಭಕಂಠದ ಕ್ಯಾನ್ಸರಿಗೆ ಗಡ್ಡೆಯ ಹತ್ತಿರವೇ ವಿಕಿರಣದ ಮೂಲವನ್ನಿಟ್ಟು ಕೊಡುವ ಬ್ರಾಕಿಥೆರಪಿ ಚಿಕಿತ್ಸೆಯಲ್ಲಿ ಹೆಚ್ಚಾಗಿ ಬಳಕೆಯಾಗುವುದು ಇದೇ. ವೆಂಕಟೇಶಾಚಾರ್ ಮತ್ತು ಸೀಬಯ್ಯ ಇಲ್ಲದಿದ್ದರೆ ಈ ಚಿಕಿತ್ಸೆಯೇ ಬರುತ್ತಿರಲಿಲ್ಲ ಎಂದು ನಾವು ಹೇಳುವುದಿಲ್ಲ. ಇಂದಲ್ಲ ನಾಳೆ ಬೇರೆ ಯಾರಾದರೂ ಆ ಐಸೊಟೋಪುಗಳನ್ನು ಗುರುತಿಸುತ್ತಿದ್ದರು. ನಾವು ಹೇಳುವುದು ಇಷ್ಟು: ಜಗತ್ತಿನ ವಿಜ್ಞಾನಕ್ಕೆ ಹೊಸದೊಂದನ್ನು ಸೇರಿಸುವ ಶಕ್ತಿ ಮೈಸೂರು ವಿಶ್ವವಿದ್ಯಾಲಯದ ಒಂದು ಕಾಲೇಜಿನ ಮೇಷ್ಟ್ರುಗಳಿಗೆ ತೊಂಬತ್ತು ವರ್ಷಗಳ ಹಿಂದೆಯೇ ಇತ್ತು. ಅವರಿಗೆ ಖಾಯಂ ಹುದ್ದೆ ಇತ್ತು, ಉಪಕರಣ ಇತ್ತು, ಕೂತು ಅಳೆಯಲು ಹೊತ್ತು ಇತ್ತು. ಇಂದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈ ಮೂರೂ ಕರಗುತ್ತಿವೆ. ಅದಕ್ಕಾಗಿಯೇ ಈ ಕರಪತ್ರ.

ಸಂಶೋಧನೆಗೆ ಬೇರೆ ಸಂಸ್ಥೆಗಳಿವೆ, ವಿಶ್ವವಿದ್ಯಾಲಯದವರು ಪಾಠ ಹೇಳಿ ಪರೀಕ್ಷೆ ನಡೆಸಿದರೆ ಸಾಕು ಎಂಬ ಮಾತು ಅಧಿಕಾರದಲ್ಲಿರುವವರ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಪಾಠವನ್ನೂ ಸಂಶೋಧನೆಯನ್ನೂ ಹೀಗೆ ಎರಡಾಗಿ ಒಡೆದರೆ ಎರಡೂ ಕೆಡುತ್ತವೆ. ಸತ್ಯೇಂದ್ರನಾಥ ಬೋಸ್ ಢಾಕಾ ವಿಶ್ವವಿದ್ಯಾಲಯದಲ್ಲಿ ರೀಡರ್ ಆಗಿದ್ದಾಗ ವಿಕಿರಣದ ಬಗ್ಗೆ ಪ್ಲಾಂಕ್ ಕೊಟ್ಟ ಸೂತ್ರವನ್ನು ವಿದ್ಯಾರ್ಥಿಗಳಿಗೆ ಹೇಳಿಕೊಡಬೇಕಾಗಿತ್ತು. ಆಗ ಇದ್ದ ವಿವರಣೆ ಅವರಿಗೆ ಒಪ್ಪಿಗೆಯಾಗಲಿಲ್ಲ. ತಾವೇ ಬೇರೆ ದಾರಿ ಹಿಡಿದು ಬರೆದ ಪುಟ್ಟ ಲೇಖನವನ್ನು 1924ರ ಜೂನಿನಲ್ಲಿ ಐನ್‌ಸ್ಟೈನ್‌ಗೆ ಕಳಿಸಿದರು. ಐನ್‌ಸ್ಟೈನ್ ಅದನ್ನು ಸ್ವತಃ ಜರ್ಮನ್‌ಗೆ ಅನುವಾದಿಸಿ ಅಚ್ಚು ಹಾಕಿಸಿದರು. ಬೋಸಾನ್ ಎಂಬ ಕಣಸಮೂಹಕ್ಕೆ ಬೋಸರ ಹೆಸರು ಬಂದಿರುವುದರ ಹಿಂದೆ ತರಗತಿಗೆ ಪ್ರಾಮಾಣಿಕವಾಗಿ ಸಿದ್ಧವಾದ ಒಬ್ಬ ಅಧ್ಯಾಪಕರ ಅಸಮಾಧಾನವಿದೆ.

ಇನ್ನೊಂದು ಬದಿಯಿಂದಲೂ ನೋಡೋಣ. ತಾನೇ ಒಂದು ಹೊಸ ಸಂಯುಕ್ತವನ್ನು ತಯಾರಿಸಿ, ಅದರ ರಚನೆ ಹೀಗೇ ಇದೆ ಎಂದು ಸಾಬೀತು ಮಾಡಲು ತಿಂಗಳುಗಟ್ಟಲೆ ಒದ್ದಾಡಿದ ರಸಾಯನಶಾಸ್ತ್ರದ ಅಧ್ಯಾಪಕಿ ಎಂ.ಎಸ್ಸಿ. ತರಗತಿಯಲ್ಲಿ ರೋಹಿತ ಓದುವುದನ್ನು ಕಲಿಸುವ ಬಗೆಯೇ ಬೇರೆ. ಯಾವ ಗೆರೆಯನ್ನು ನಂಬಬೇಕು, ಯಾವುದು ಕಲ್ಮಶದಿಂದ ಬಂದದ್ದು ಎಂಬುದು ಗೈಡ್ ಪುಸ್ತಕದಲ್ಲಿ ಸಿಗುವುದಿಲ್ಲ.

ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಉದಾಹರಣೆ ನಮ್ಮ ಕಣ್ಣ ಮುಂದೆಯೇ ಇದೆ. 1961ರಲ್ಲಿ ಎಸ್. ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಬಂದರು. ಆವರಣವೂ ಹೊಸದು, ವಿಭಾಗವೂ ಹೊಸದು. ಹರಳಿನಂತೆ ಶಿಸ್ತೂ ದ್ರವದಂತೆ ಹರಿವೂ ಇರುವ ದ್ರವಸ್ಫಟಿಕಗಳ ಅಧ್ಯಯನವನ್ನು ಅಲ್ಲಿ ಶುರುಮಾಡಿದರು. ಹತ್ತು ವರ್ಷ ಅಲ್ಲೇ ಇದ್ದು ತಂಡ ಕಟ್ಟಿದರು, ವಿದ್ಯಾರ್ಥಿಗಳನ್ನು ತಯಾರು ಮಾಡಿದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. 1977ರಲ್ಲಿ ಅಲ್ಲಿ ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಜೊತೆಗೂಡಿ, ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿದರು. ಅದಕ್ಕೆ ಮುಂಚೆ ಕಡ್ಡಿಯಂಥ ಅಣುಗಳಿಂದ ಮಾತ್ರ ಅದು ಸಾಧ್ಯವೆಂದು ಜಗತ್ತು ಎಣಿಸಿತ್ತು. ಆ ಫಸಲು ಬೆಂಗಳೂರಿನಲ್ಲಿ ಬಂದರೂ ಬಿತ್ತನೆ ಆದದ್ದು ಮೈಸೂರಿನ ವಿಶ್ವವಿದ್ಯಾಲಯದಲ್ಲಿ. ನಮ್ಮ ರಾಜ್ಯದ ದೊಡ್ಡ ಸಂಶೋಧನಾ ಸಂಸ್ಥೆಗಳಿಗೆ ನಾವು ವಿರೋಧಿಗಳಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ನಮ್ಮ ಹೆಮ್ಮೆ. ಆದರೆ ಅಂಥ ಸಂಸ್ಥೆಗಳಿಗೆ ಮಕ್ಕಳು ಎಲ್ಲಿಂದ ಬರಬೇಕು? ಭಾರತರತ್ನ ಸಿ.ಎನ್.ಆರ್. ರಾವ್ 1951ರಲ್ಲಿ ಬಿ.ಎಸ್ಸಿ. ಪದವಿ ಪಡೆದದ್ದು ಮೈಸೂರು ವಿಶ್ವವಿದ್ಯಾಲಯದಿಂದ, ಓದಿದ್ದು ಅದೇ ಸೆಂಟ್ರಲ್ ಕಾಲೇಜಿನಲ್ಲಿ.

ಈಗಿನ ಸ್ಥಿತಿಗೆ ಬರೋಣ. ರಾಜ್ಯಗಳ ವಿಶ್ವವಿದ್ಯಾಲಯಗಳ ಕುರಿತು ನೀತಿ ಆಯೋಗ 2025ರ ಫೆಬ್ರವರಿಯಲ್ಲಿ ಒಂದು ವರದಿ ಹೊರತಂದಿತು. ದೇಶದ ಉನ್ನತ ಶಿಕ್ಷಣದ ವಿದ್ಯಾರ್ಥಿಗಳಲ್ಲಿ ಶೇ. 81ರಷ್ಟು, ಅಂದರೆ 3.25 ಕೋಟಿಗೂ ಹೆಚ್ಚು ಮಂದಿ ಓದುತ್ತಿರುವುದು ಈ ವಿಶ್ವವಿದ್ಯಾಲಯಗಳ ಆಶ್ರಯದಲ್ಲಿ. ಅಲ್ಲಿನ ಅಧ್ಯಾಪಕರ ಹುದ್ದೆಗಳಲ್ಲಿ ಶೇ. 40ಕ್ಕೂ ಹೆಚ್ಚು ಖಾಲಿ ಎಂದೂ ಅದೇ ವರದಿ ಹೇಳುತ್ತದೆ. ಕರ್ನಾಟಕದಲ್ಲಿ ಖಾಲಿ ಜಾಗ ತುಂಬುತ್ತಿರುವವರು ಅತಿಥಿ ಉಪನ್ಯಾಸಕರು. ಅವರಲ್ಲಿ ಎಷ್ಟೋ ಮಂದಿ ಪಿಎಚ್.ಡಿ. ಆದವರು, ನೆಟ್, ಕೆ-ಸೆಟ್ ಪಾಸಾದವರು, ಪ್ರತಿಭಾವಂತರು. ಅವರಿಗೆ ಸಿಗುವುದು ತರಗತಿಯ ಕಾರ್ಯಭಾರ ಮಾತ್ರ. ಸಂಶೋಧನಾ ಯೋಜನೆಗೆ ಅರ್ಜಿ ಹಾಕಲು ಖಾಯಂ ಹುದ್ದೆ ಇರಬೇಕು. ಮುಂದಿನ ವರ್ಷ ಇಲ್ಲೇ ಇರುತ್ತೇವೋ ಇಲ್ಲವೋ ಎಂದು ತಿಳಿಯದವರು ಮೂರು ವರ್ಷದ ಪ್ರಯೋಗವನ್ನು ಹೇಗೆ ಶುರುಮಾಡಿಯಾರು?

ಇದರ ಪರಿಣಾಮ ಲೆಕ್ಕಕ್ಕೂ ಸಿಗುತ್ತದೆ. ಯುಜಿಸಿಯ 2022ರ ಪಿಎಚ್.ಡಿ. ನಿಯಮದಂತೆ ಒಬ್ಬ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಬಹುದು. ಪ್ರಾಧ್ಯಾಪಕರೊಬ್ಬರು ನಿವೃತ್ತರಾಗಿ ಆ ಹುದ್ದೆ ಖಾಲಿ ಉಳಿದರೆ ಸರ್ಕಾರಕ್ಕೆ ಒಂದು ಸಂಬಳ ಉಳಿಯಿತು ಎಂದು ಕಾಣಬಹುದು. ವಿಜಯಪುರದಿಂದಲೋ ಚಾಮರಾಜನಗರದಿಂದಲೋ ಬರಬೇಕಾಗಿದ್ದ ಎಂಟು ಮಕ್ಕಳಿಗೆ ಬಾಗಿಲು ಮುಚ್ಚಿತು ಎಂಬುದು ಯಾವ ಆಯವ್ಯಯ ಪುಸ್ತಕದಲ್ಲೂ ಕಾಣುವುದಿಲ್ಲ.

ಉಪಕರಣಗಳ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೊರಗಿನವರಿಗೆ ಇದು ಅಷ್ಟಾಗಿ ತಿಳಿಯದು. ರಸಾಯನಶಾಸ್ತ್ರದಲ್ಲಿ ಅಣುವಿನ ರಚನೆ ತಿಳಿಯಲು ಎನ್ಎಂಆರ್ ಎಂಬ ಯಂತ್ರ ಬೇಕು. ಅದರ ಒಡಲಲ್ಲಿರುವ ಅತಿವಾಹಕ ಅಯಸ್ಕಾಂತವನ್ನು ದ್ರವ ಹೀಲಿಯಂ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಟ್ಟಿರುತ್ತದೆ. ಯಂತ್ರ ಬಳಸಲಿ ಬಿಡಲಿ, ಹೀಲಿಯಂ ಆವಿಯಾಗುತ್ತಲೇ ಇರುತ್ತದೆ. ಕೆಲವು ತಿಂಗಳಿಗೊಮ್ಮೆ ತುಂಬಲೇಬೇಕು. ಸುತ್ತಲಿನ ದ್ರವ ನೈಟ್ರೋಜನ್ನನ್ನು ಅದಕ್ಕಿಂತ ಬೇಗ ಬೇಗ ತುಂಬಬೇಕು. ಹಣ ಮಂಜೂರಾಗಲಿಲ್ಲವೆಂದು ಹೀಲಿಯಂ ತಪ್ಪಿದರೆ ಅಯಸ್ಕಾಂತ ತನ್ನ ಶಕ್ತಿಯನ್ನು ಒಮ್ಮೆಗೇ ಕಳೆದುಕೊಳ್ಳುತ್ತದೆ. ಮತ್ತೆ ಎಬ್ಬಿಸಲು ಭಾರಿ ಖರ್ಚು, ಕೆಲವೊಮ್ಮೆ ಆಗುವುದೇ ಇಲ್ಲ. ಯಂತ್ರ ಕೊಳ್ಳುವ ದಿನ ಉದ್ಘಾಟನೆ ಇರುತ್ತದೆ, ಫೋಟೋ ಇರುತ್ತದೆ. ವರ್ಷ ವರ್ಷದ ನಿರ್ವಹಣೆಗೆ, ಅದನ್ನು ನಡೆಸುವ ತಾಂತ್ರಿಕ ಸಿಬ್ಬಂದಿಗೆ ಹಣ ಇರುವುದಿಲ್ಲ. ಭೌತಶಾಸ್ತ್ರ ವಿಭಾಗದ ಎಕ್ಸ್-ರೇ ಡಿಫ್ರಾಕ್ಟೋಮೀಟರಿನ ಟ್ಯೂಬು ಸುಟ್ಟುಹೋದರೂ ಇದೇ ಪಾಡು. ಒಂದು ಬಿಡಿಭಾಗಕ್ಕೆ ಟೆಂಡರು ಕರೆದು ಮುಗಿಯುವಷ್ಟರಲ್ಲಿ ಸಂಶೋಧನಾ ವಿದ್ಯಾರ್ಥಿಯ ಫೆಲೋಶಿಪ್ ಅವಧಿ ಕರಗಿರುತ್ತದೆ. ಸಾರ್ವಜನಿಕ ಹಣದ ಖರೀದಿಯಲ್ಲಿ ಪಾರದರ್ಶಕತೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಕುರ್ಚಿ ಮೇಜು ಕೊಳ್ಳುವ ನಿಯಮದಲ್ಲೇ ಪ್ರಯೋಗಕ್ಕೆ ಬೇಕಾದ ರಾಸಾಯನಿಕ ವೇಗವರ್ಧಕವನ್ನೂ ಕೊಳ್ಳಬೇಕೆಂಬುದಕ್ಕೆ ಮಾತ್ರ ನಮ್ಮ ವಿರೋಧ. ಇದರ ಮೇಲೆ, ಸಾರ್ವಜನಿಕ ಸಂಶೋಧನಾ ಸಂಸ್ಥೆಗಳು ಕೊಳ್ಳುವ ಉಪಕರಣಗಳಿಗಿದ್ದ ಶೇ. 5ರ ರಿಯಾಯಿತಿ ಜಿಎಸ್‌ಟಿ ದರವನ್ನು 2022ರ ಜುಲೈನಲ್ಲಿ ತೆಗೆದುಹಾಕಿದರು. ಸರ್ಕಾರ ಒಂದು ಕೈಯಲ್ಲಿ ಕೊಟ್ಟ ಅನುದಾನವನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿತು.

ನಮ್ಮನ್ನು ಟೀಕಿಸುವವರು ಕೇಳುವ ಒಂದು ಪ್ರಶ್ನೆಗೆ ನೇರವಾಗಿ ಉತ್ತರ ಕೊಡಬೇಕು. ವಿಶ್ವವಿದ್ಯಾಲಯದ ಅಧ್ಯಾಪಕರು ದುಡ್ಡು ಕೊಟ್ಟು ಕಳಪೆ ಪತ್ರಿಕೆಗಳಲ್ಲಿ ಪ್ರಬಂಧ ಹಾಕಿಸಿಕೊಳ್ಳುತ್ತಾರಲ್ಲ, ಅದಕ್ಕೇಕೆ ಜನರ ಹಣ? ಈ ಆರೋಪದಲ್ಲಿ ಸತ್ಯವಿದೆ, ಅದು ನಾಚಿಕೆಯ ಸತ್ಯ. ಆದರೆ ಆ ಚಾಳಿ ಹುಟ್ಟಿದ್ದು ಹೇಗೆಂದೂ ನೋಡಬೇಕು. 2010ರ ಯುಜಿಸಿ ನಿಯಮ ಬಡ್ತಿಯನ್ನು ಅಂಕಗಳಿಗೆ ಕಟ್ಟಿತು. ಪ್ರಬಂಧಕ್ಕಿಷ್ಟು, ಸೆಮಿನಾರಿಗಿಷ್ಟು ಎಂದು ಎಣಿಸತೊಡಗಿದ ಮೇಲೆ ಎಣಿಕೆಗೆ ಬೇಕಾದ ಸರಕು ಮಾರುವ ಅಂಗಡಿಗಳೂ ತೆರೆದವು. ಪ್ರಯೋಗಶಾಲೆ ಕೊಡದೆ ಪ್ರಬಂಧ ಮಾತ್ರ ಕೇಳಿದರೆ ಇನ್ನೇನಾದೀತು? ಪಿಎಚ್.ಡಿ. ವಿದ್ಯಾರ್ಥಿಗಳಿಗಿದ್ದ ಪ್ರಕಟಣೆಯ ಕಡ್ಡಾಯವನ್ನು 2022ರಲ್ಲಿ ಯುಜಿಸಿಯೇ ಕೈಬಿಟ್ಟಿದೆ. ಅಧ್ಯಾಪಕರ ವಿಷಯದಲ್ಲೂ ಎಣಿಸುವುದನ್ನು ಬಿಟ್ಟು ಓದಿ ಅಳೆಯುವ ಪದ್ಧತಿ ಬರಲಿ: ಅವರ ಅತ್ಯುತ್ತಮ ಕೆಲಸ ಯಾವುದೋ ಅದನ್ನು ಆ ವಿಷಯ ಬಲ್ಲ ಹೊರಗಿನವರು ಓದಿ ತೀರ್ಮಾನಿಸಲಿ. ಇದನ್ನು ಒತ್ತಾಯಿಸಬೇಕಾದವರು ಮೊದಲು ಅಧ್ಯಾಪಕರೇ.

ವಿಶ್ವವಿದ್ಯಾಲಯಗಳಲ್ಲೇ ಸಂಶೋಧನೆ ನಡೆಯಬೇಕು ಎನ್ನಲು ನಮಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಕಾರಣ ಬೇರೆಯದು. ಪಾವಗಡದ ಕೊಳವೆಬಾವಿಗಳ ಫ್ಲೋರೈಡ್ ಬಗ್ಗೆ ಕೇಂಬ್ರಿಜ್‌ನವರು ನಿದ್ದೆಗೆಡುವುದಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ಭಾರತೀಯ ಮಾನಕ. ಯಾವ ಊರಿನ ಯಾವ ಬಾವಿ ಯಾವ ತಿಂಗಳಲ್ಲಿ ಅದನ್ನು ದಾಟುತ್ತದೆ, ಅಗ್ಗದ ಯಾವ ವಸ್ತು ಅದನ್ನು ಹೀರಬಲ್ಲದು ಎಂದು ವರ್ಷಗಟ್ಟಲೆ ಬೆನ್ನು ಹತ್ತಬೇಕಾದವರು ಹತ್ತಿರದ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದವರು. ಕನ್ನಡ ಲಿಪಿಯದೂ ಇದೇ ಮಾತು. ಗುಣಿತಾಕ್ಷರ, ಕೆಳಗಿಳಿಯುವ ಒತ್ತು, ಒಂದಕ್ಕೊಂದು ತಾಗುವ ಕೈಬರಹ ಇವುಗಳಿಂದಾಗಿ ಕನ್ನಡವನ್ನು ಕಂಪ್ಯೂಟರಿಗೆ ಓದಿಸುವುದು ರೋಮನ್ ಲಿಪಿಯನ್ನು ಓದಿಸಿದಷ್ಟು ಸುಲಭವಲ್ಲ. ಕೈಬರಹದ ಕನ್ನಡ ಅಂಕಿಗಳನ್ನೂ ಅಕ್ಷರಗಳನ್ನೂ ಯಂತ್ರ ಗುರುತಿಸುವಂತೆ ಮಾಡುವ ಕೆಲಸವನ್ನು ಮೈಸೂರು ಮತ್ತು ಗುಲ್ಬರ್ಗ ವಿಶ್ವವಿದ್ಯಾಲಯಗಳ ಗಣಕವಿಜ್ಞಾನ ವಿಭಾಗಗಳು ಮಾರುಕಟ್ಟೆಗೆ ಕನ್ನಡದ ನೆನಪಾಗುವ ಮೊದಲೇ ಕೈಗೆತ್ತಿಕೊಂಡವು. ಕಲಬುರಗಿಯ ಒಂದು ವಿಭಾಗ ಇದನ್ನು ಮಾಡಿತು ಎಂಬುದು ನಾವೆಲ್ಲ ಎದೆಯುಬ್ಬಿಸಿ ಹೇಳಬೇಕಾದ ಸಂಗತಿ.

ವಿಜ್ಞಾನ ಜನರ ಹತ್ತಿರ ಬರುವುದೂ ಇಂಥ ಅಧ್ಯಾಪಕರಿಂದಲೇ. 1918ರಲ್ಲಿ ಕನ್ನಡದಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಶುರುಮಾಡಿದ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. ಜೊತೆಗಿದ್ದವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು.

ಹಣವಿಲ್ಲ ಎಂಬ ಉತ್ತರವನ್ನು ಒಪ್ಪಬೇಡಿ. 2023ರ ಕಾಯ್ದೆಯ ಮೂಲಕ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರ ಘೋಷಿಸಿತು. ಅದರ ಬಹುಪಾಲು ಖಾಸಗಿ ಮತ್ತಿತರ ಮೂಲಗಳಿಂದ ಬರಬೇಕೆಂದೂ ಹೇಳಿತು. ರಾಜ್ಯ ವಿಶ್ವವಿದ್ಯಾಲಯಗಳನ್ನು ದೊಡ್ಡ ಸಂಸ್ಥೆಗಳ ಜೊತೆ ಜೋಡಿಸುವ ಯೋಜನೆಯೂ ಅದರಲ್ಲಿದೆ. ಒಂದು ದೇಶ ಒಂದು ಚಂದಾ ಯೋಜನೆಯಿಂದ 2025ರ ಜನವರಿಯಿಂದ ಸುಮಾರು 13,000 ವಿದ್ವತ್ ಪತ್ರಿಕೆಗಳು ರಾಜ್ಯದ ಸರ್ಕಾರಿ ಸಂಸ್ಥೆಗಳಿಗೂ ತೆರೆದಿವೆ. ಇದು ಒಳ್ಳೆಯ ಕೆಲಸ, ಮೆಚ್ಚಬೇಕು. ಆದರೆ ಓದಲು ಪತ್ರಿಕೆ ಬಂದರೂ ಓದಿ ಪ್ರಯೋಗ ಮಾಡುವ ಅಧ್ಯಾಪಕರ ಕುರ್ಚಿ ಖಾಲಿ ಇದ್ದರೆ, ಅರ್ಜಿ ಬರೆಯುವ ಕೈಯೇ ಇಲ್ಲದಿದ್ದರೆ, ದೆಹಲಿಯಲ್ಲಿರುವ ಹಣ ಕರ್ನಾಟಕಕ್ಕೆ ಬರುವುದು ಹೇಗೆ? ಆ ಕುರ್ಚಿ ತುಂಬಿಸುವುದು ರಾಜ್ಯ ಸರ್ಕಾರದ ಹೊಣೆ.

ಆದ್ದರಿಂದ ನಾವು ಕೇಳುವುದು: ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಕವಿಜ್ಞಾನ ವಿಭಾಗಗಳ ಮಂಜೂರಾದ ಹುದ್ದೆಗಳನ್ನು ಕಾಲಮಿತಿ ಹಾಕಿಕೊಂಡು ಖಾಯಂ ಆಗಿ ತುಂಬಿರಿ, ವರ್ಷಗಳಿಂದ ದುಡಿದ ಅರ್ಹ ಅತಿಥಿ ಉಪನ್ಯಾಸಕರ ಅನುಭವಕ್ಕೆ ಆ ನೇಮಕದಲ್ಲಿ ಬೆಲೆ ಕೊಡಿ. ಉಪಕರಣಕ್ಕೆ ಮಂಜೂರಾತಿ ಕೊಡುವಾಗಲೇ ಅದರ ಮುಂದಿನ ವರ್ಷಗಳ ನಿರ್ವಹಣೆಯ ಹಣವನ್ನೂ, ನಡೆಸುವ ತಂತ್ರಜ್ಞರನ್ನೂ ಕೊಡಿ. ಹೊಸದಾಗಿ ಸೇರುವ ಅಧ್ಯಾಪಕರಿಗೆ ಮೊದಲ ವರ್ಷವೇ ಪ್ರಯೋಗ ಶುರುಮಾಡಲು ಆರಂಭಿಕ ಅನುದಾನ ಇರಲಿ. ಮೌಲ್ಯಮಾಪನ, ಸಮಿತಿ, ನ್ಯಾಕ್ ಕಡತಗಳ ನಡುವೆ ವಾರದಲ್ಲಿ ಒಂದಿಷ್ಟು ಹೊತ್ತನ್ನು ಪ್ರಯೋಗಶಾಲೆಗೆಂದೇ ಕಾರ್ಯಭಾರದಲ್ಲಿ ಬರೆದಿಡಿ.

ಓದುಗರಾದ ನೀವು ಮಾಡಬಹುದಾದದ್ದೂ ಇದೆ. ನಿಮ್ಮ ಜಿಲ್ಲೆಯ ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿ ಬರೆಯಿರಿ. ಈ ಮೂರು ವಿಭಾಗಗಳಲ್ಲಿ ಮಂಜೂರಾದ ಹುದ್ದೆ ಎಷ್ಟು, ತುಂಬಿರುವುದು ಎಷ್ಟು, ಕೆಟ್ಟು ನಿಂತ ಉಪಕರಣ ಯಾವುವು, ಎಂದಿನಿಂದ ಎಂದು ಕೇಳಿ. 30 ದಿನಗಳಲ್ಲಿ ಉತ್ತರ ಬರಬೇಕು. ಆ ಉತ್ತರದ ಪ್ರತಿಯನ್ನು ನಿಮ್ಮ ಕ್ಷೇತ್ರದ ಶಾಸಕರ ಕೈಗೆ ಕೊಟ್ಟು, ಮುಂದಿನ ಅಧಿವೇಶನದಲ್ಲಿ ಪ್ರಶ್ನೆ ಎತ್ತುವಂತೆ ಒತ್ತಾಯಿಸಿ. ಊರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿರುವ ಹುಡುಗ ಹುಡುಗಿಯರಿಗೆ ಈ ಕರಪತ್ರ ತಲುಪಿಸಿ. ಅರ್ಜಿ ಬರೆಯಲು ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ.

ವಿಶ್ವವಿದ್ಯಾಲಯಗಳ ವಿಜ್ಞಾನ ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು ಮತ್ತು ಹಿತೈಷಿಗಳ ಪರವಾಗಿ