ಉಣುಗನ್ನು ಒಲೆಗೆಸೆಯದಿರಿ
1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆಯ ಮುಖ್ಯ ವಾಹಕ ಹೀಮಾಫಿಸಾಲಿಸ್ ಸ್ಪಿನಿಜೆರಾ ಎಂದು ತಿಳಿದುದು, ಉಣುಗುಗಳನ್ನು ಜಾತಿವಾರು ವಿಂಗಡಿಸಿ ಪರೀಕ್ಷಿಸಿದ್ದರಿಂದ. ನಾವಾದರೋ ಮೈಗೆ ಹತ್ತಿದ್ದನ್ನು ಕಿತ್ತು ಒಲೆಗೆಸೆಯುತ್ತೇವೆ.

ಮನುಷ್ಯರಿಗೆ ಹೆಚ್ಚಾಗಿ ಹತ್ತುವುದು ಗಸಗಸೆಯಷ್ಟು ಸಣ್ಣ ಎಳೆ ಉಣುಗು. ಜಾತಿ ಗುರುತಿಸಲು ಅದರ ಬಾಯಿಯ ಭಾಗಗಳು ಬೇಕು. ಜಜ್ಜಿದರೆ ಅವು ಹಾಳು. ಚರ್ಮಕ್ಕೆ ತೀರ ಹತ್ತಿರದಲ್ಲಿ ಚಿಮುಟದಿಂದ ಹಿಡಿದು ನೇರವಾಗಿ ಎಳೆಯಿರಿ. ಮದ್ಯಸಾರದ ಶೀಶೆಯಲ್ಲಿಟ್ಟು ಊರು, ದಿನಾಂಕ ಬರೆಯಿರಿ. (ಜ್ವರ ಬಂದರೆ ರಕ್ತಪರೀಕ್ಷೆಯೇ ಆಗಬೇಕು, ಉಣುಗಿನ ಗುರುತು ಅದಕ್ಕೆ ಬದಲಲ್ಲ.)

2022ರಲ್ಲಿ ಹಳೆಯ ಲಸಿಕೆಯೂ ನಿಂತಿತು. ಶಿವಮೊಗ್ಗಕ್ಕೆ ತಾಗಿದ ಹೊನ್ನಾಳಿ, ನ್ಯಾಮತಿ, ಚನ್ನಗಿರಿಗಳಲ್ಲಿ, ಕುರಿಮಂದೆಗಳ ಜಗಳೂರಿನಲ್ಲಿಯೂ, ರೋಗಿಯ ಮೈಮೇಲೆ ಸಿಕ್ಕ ಉಣುಗಿನ ಜಾತಿಯನ್ನು ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯವೇ ಗುರುತಿಸಿ ದಾಖಲಿಸಲಿ. ಅದಕ್ಕೆ ಬೇಕಾದದ್ದು ಒಂದು ಸೂಕ್ಷ್ಮದರ್ಶಕ, ತರಬೇತಿ ಪಡೆದ ಒಬ್ಬ ತಂತ್ರಜ್ಞ.